ಒಂದನೇತ್ತೆಯ ಸಣ್ಣ ಅಕ್ಕೋರು

ನಾನು ಮುಖ್ಯೋಪಾಧ್ಯಾಯಿನಿಯಾದ ವರ್ಷ ನನಗೆ ಕುರ್ಚಿಯ ಮೇಲೆ ಕೂರಲು ಆಗುತ್ತಿರಲಿಲ್ಲ. ವಿನಯದಿಂದ ಹೇಳುತ್ತಿರುವ ಮಾತಲ್ಲ ಇದು. ವಿನಯ ನನ್ನ ಮೈಗೆ ಯಾವತ್ತೂ ಒಗ್ಗಿಲ್ಲ. ಕೂತರೆ ಯಾವುದೋ ವರ್ಗದ ಗದ್ದಲ ಕಿವಿಗೆ ಬೀಳುತ್ತಿತ್ತು. ಎದ್ದು ಅಲ್ಲಿಗೆ ಹೋದರೆ ಆಫೀಸಿನ ಬಾಗಿಲಲ್ಲಿ ಯಾರೋ ಬಂದು ನಿಂತಿರುತ್ತಿದ್ದರು. ಮತ್ತೆ ಓಡಿ ಬರುತ್ತಿದ್ದೆ. ನನಗಿಂತ ಹದಿನೈದು ವರ್ಷ ದೊಡ್ಡವರಾದ ಒಬ್ಬ ಸಹಶಿಕ್ಷಕರಿದ್ದರು, ಎಲ್ಲರೂ ಅವರನ್ನು ಹಿರೇಮಾಸ್ತರರು ಅನ್ನುತ್ತಿದ್ದರು. ಅವರು ಎಲೆ ಅಡಿಕೆ ಹಾಕಿಕೊಂಡು ನನ್ನ ಓಡಾಟ ನೋಡುತ್ತಾ, "ಅಕ್ಕೋರ, ನಿಮ್ಮ ಕಾಲಿಗೆ ಚಕ್ರ ಕಟ್ಟ್ಯಾರೇನ್ರಿ?" ಎಂದು ಕೇಳುತ್ತಿದ್ದರು. ಆ ಕುರ್ಚಿ ತಮಗೆ ಬರಬೇಕಿತ್ತು ಎಂಬುದು ಅವರ ಮನಸ್ಸಿನಲ್ಲಿತ್ತು. ಅದು ನನಗೂ ಗೊತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಸಾಲೆ ಇದ್ದದ್ದು ಇಳಕಲ್ಲಿನಿಂದ ನಾಲ್ಕು ಮೈಲಿ ಆಚೆಗಿನ ಊರಿನಲ್ಲಿ. ಒಂದರಿಂದ ಏಳನೇ ಇಯತ್ತೆಯವರೆಗೆ, ಅಂದರೆ ಏಳನೇ ತರಗತಿಯವರೆಗೆ. ನಮ್ಮ ಕಡೆಯ ಬಾಯಲ್ಲಿ ಒಂದನೇತ್ತೆಯಿಂದ ಏಳನೇತ್ತೆ. ನಾನು ಇಳಕಲ್ಲಿನಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದೆ. ಮನೆ ಬಾದಾಮಿಯಲ್ಲಿ. ಅತ್ತೆ, ಐದು ತುಂಬಿದ ಮಗಳು ಅಲ್ಲಿ. ಗಂಡ ಕುಳಗೇರಿ ಕ್ರಾಸಿನ ಒಂದು ಗೋದಾಮಿನಲ್ಲಿ ಕಾರಕೂನ. ಶನಿವಾರ ಮಧ್ಯಾಹ್ನ ಸಾಲೆ ಬಿಟ್ಟ ಕೂಡಲೇ ಬಸ್ಸು ಹಿಡಿಯುತ್ತಿದ್ದೆ. ಹುನಗುಂದ, ಅಮೀನಗಡ, ಅಲ್ಲಿ ಇಳಿದು ಇನ್ನೊಂದು ಬಸ್ಸು. ಬಾದಾಮಿಯಲ್ಲಿದ್ದಾಗ ಸಾಲೆಯ ಚಿಂತೆ, ಸಾಲೆಯಲ್ಲಿದ್ದಾಗ ಬಾದಾಮಿಯ ಚಿಂತೆ. ಬಸ್ಸಿನಲ್ಲಿ ಕೂತಾಗ ಮಾತ್ರ ಎರಡೂ ಕಡೆ ನನ್ನ ಕೈಲಿ ಏನೂ ಆಗುವುದಿಲ್ಲ ಎಂದು ತಿಳಿದು ನಿದ್ದೆ ಬರುತ್ತಿತ್ತು.

ಏಳು ವರ್ಗಗಳಿಗೆ ನನ್ನನ್ನೂ ಸೇರಿಸಿ ನಾವು ನಾಲ್ವರು. ಯಾವ ರೀತಿ ಲೆಕ್ಕ ಹಾಕಿದರೂ ಒಂದನೇತ್ತೆ ಮತ್ತು ಎರಡನೇತ್ತೆಯ ಮಕ್ಕಳು ಉಳಿದುಬಿಡುತ್ತಿದ್ದರು. ಈ ಪೇಚಿಗೆ ಹಿಂದಿನ ಮುಖ್ಯಾಧ್ಯಾಪಕರು ಒಂದು ದಾರಿ ಮಾಡಿಟ್ಟು ಹೋಗಿದ್ದರು. ನೇಕಾರರ ಓಣಿಯ ಒಬ್ಬ ಹುಡುಗಿ ಐದನೇತ್ತೆಗೆ ಬಂದಾಗಿನಿಂದ ಆ ಎರಡು ವರ್ಗಗಳನ್ನು ನೋಡಿಕೊಳ್ಳುತ್ತಿದ್ದಳು. ನಾನು ಬರುವ ಹೊತ್ತಿಗೆ ಆಕೆ ಏಳನೇತ್ತೆ. ಪ್ರಾರ್ಥನೆ ಮುಗಿದ ಮೇಲೆ ಏಳನೇತ್ತೆಯ ಸಾಲಿನಲ್ಲೇ ನಡೆದು ಬಂದು, ಬಾಗಿಲ ಹತ್ತಿರ ಆ ಸಾಲು ಬಿಟ್ಟು, ಹಿಂದಿನ ಪತ್ರಾಸಿನ, ಅಂದರೆ ತಗಡಿನ ಸೂರಿನ, ಕೋಣೆಗೆ ಹೋಗುತ್ತಿದ್ದಳು. ಎರಡು ಜಡೆ. ಒಂದಕ್ಕೆ ಕೆಂಪು ರಿಬ್ಬನ್ನು, ಇನ್ನೊಂದಕ್ಕೆ ಆವತ್ತು ಕೈಗೆ ಸಿಕ್ಕ ರಿಬ್ಬನ್ನು. ನಮ್ಮ ಕಡೆ ಶಿಕ್ಷಕಿಗೆ ಅಕ್ಕೋರು ಅನ್ನುತ್ತಾರೆ, ಸಣ್ಣ ಮಕ್ಕಳು ಆಕೆಯನ್ನು ಸಣ್ಣ ಅಕ್ಕೋರು ಎಂದು ಕರೆಯುತ್ತಿದ್ದರು. ಹೆಸರು ನಾನು ಬರೆಯುವುದಿಲ್ಲ. ಈಗ ಆಕೆಗೂ ಮೊಮ್ಮಕ್ಕಳಿರಬಹುದು.

ಮೊದಲ ದಿನ ಹಿರೇಮಾಸ್ತರರು ಈ ಏರ್ಪಾಟನ್ನು ತೋರಿಸಿದಾಗ ನನಗೆ ಖುಷಿಯೇ ಆಯಿತು. ಸುಳ್ಳು ಹೇಳುವುದಿಲ್ಲ. ಇಡೀ ಸಾಲೆಯಲ್ಲಿ ಗದ್ದಲವಿಲ್ಲದ ಕೋಣೆ ಅದೊಂದೇ. ನನ್ನ ಓಡಾಟದಲ್ಲಿ ಗದ್ದಲ ಅಡಗಿಸಲು ಅದರ ಮುಂದೆ ಒಂದು ದಿನವೂ ನಿಲ್ಲುವ ಪ್ರಸಂಗ ಬರಲಿಲ್ಲ. "ಪುಣ್ಯಾತ್ಗಿತ್ತಿ" ಎಂದುಕೊಂಡು ಮುಂದೆ ಹೋಗುತ್ತಿದ್ದೆ. ಆಕೆಯ ಹಾಜರಿ ಏಳನೇತ್ತೆಯ ಪುಸ್ತಕದಲ್ಲಿ ತಪ್ಪದೆ ಬೀಳುತ್ತಿತ್ತು. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು.

ದೀಪಾವಳಿಗೆ ಮುಂಚೆ ತಾಲೂಕಿನ ಕಚೇರಿಯಿಂದ ಎರಡು ಕಾಗದ ಒಟ್ಟಿಗೆ ಬಂದವು. ಒಂದರಲ್ಲಿ, ಏಳನೇತ್ತೆಯ ಪ್ರತಿಭಾವಂತ ಮಕ್ಕಳಿಗೆ ಹುನಗುಂದದಲ್ಲಿ ಪರೀಕ್ಷೆ ಇದೆ, ಪ್ರತಿ ಸಾಲೆಯಿಂದ ಇಬ್ಬರ ಹೆಸರು ಕಳಿಸಿ, ಆಯ್ಕೆಯಾದವರಿಗೆ ಊಟ ವಸತಿ ಕೊಟ್ಟು ಬಾಗಲಕೋಟೆಯಲ್ಲಿ ಹೈಸ್ಕೂಲು ಕಲಿಸಲಾಗುವುದು ಎಂದಿತ್ತು. ಇನ್ನೊಂದರಲ್ಲಿ, ಹೊಸದಾಗಿ ಮುಖ್ಯಾಧ್ಯಾಪಕರಾದವರಿಗೆ ಬಾಗಲಕೋಟೆಯಲ್ಲಿ ಹತ್ತು ದಿನಗಳ ತರಬೇತಿ, ತಪ್ಪದೆ ಹಾಜರಾಗಿ ಎಂದಿತ್ತು. ಮೊದಲ ಕಾಗದವನ್ನು ಹಿರೇಮಾಸ್ತರರ ಕೈಗೆ ಕೊಟ್ಟೆ. ಅವರು ಎರಡು ಹೆಸರು ಬರೆದು ತಂದರು. ಒಬ್ಬ ಊರಿನ ಕಿರಾಣಿ ಅಂಗಡಿಯವರ ಮಗ, ವರ್ಗಕ್ಕೆ ಮೊದಲಿಗ, ಯಾರೂ ತಕರಾರು ಮಾಡುವಂತಿರಲಿಲ್ಲ. ಇನ್ನೊಬ್ಬ ಮಾಸ್ತರರ ತಂಗಿಯ ಮಗ. ಅವನೂ ದಡ್ಡನಲ್ಲ. ನಿಂತುಕೊಂಡೇ ರುಜು ಹಾಕಿದೆ. ಪಟ್ಟಿ ತಿಂಗಳ ಕೊನೆಗೆ ಹುನಗುಂದದ ಮೀಟಿಂಗಿಗೆ ಹೋಗುವಾಗ ಕೊಟ್ಟರಾಯಿತು ಎಂದು ಕಪಾಟಿನಲ್ಲಿ ಉಳಿಯಿತು. ನಾನು ಟ್ರಂಕು ಕಟ್ಟಿಕೊಂಡು ಬಾಗಲಕೋಟೆಗೆ ಹೊರಟೆ. ಹೋಗುವಾಗ ಸಣ್ಣ ಅಕ್ಕೋರಿಗೆ ಹೇಳಿದೆ, "ಹತ್ತು ದಿನ ನಾ ಇರಾಂಗಿಲ್ಲ. ಮೂರನೇತ್ತಿ ಹುಡುಗ್ರನ್ನೂ ಸ್ವಲ್ಪ ನೋಡ್ಕೊ." ಆಕೆ ತಲೆ ಅಲ್ಲಾಡಿಸಿದಳು.

ತರಬೇತಿಗೆ ಮೂರು ತಾಲೂಕಿನವರು ಬಂದಿದ್ದರು. ಹೆಂಗಸರು ನಾನು, ಇನ್ನೊಬ್ಬರು, ಅಷ್ಟೇ. ಎತ್ತರದ ಸೂರಿನ ಒಂದು ದೊಡ್ಡ ಕೋಣೆ. ಬೆಂಚುಗಳು ಹುಡುಗರ ಅಳತೆಯವು, ಆದ್ದರಿಂದ ಎಲ್ಲರ ಮೊಣಕಾಲೂ ಎದೆಗೆ ಬರುತ್ತಿತ್ತು. ಹಾಜರಿ ಪುಸ್ತಕ ಹೇಗಿಡಬೇಕು, ಸಹಶಿಕ್ಷಕರಿಗೆ ಮೆಮೊ ಯಾವಾಗ ಕೊಡಬೇಕು, ವಿಜಾಪುರದ ಸಾಹೇಬರು ತಪಾಸಣೆಗೆ ಬಂದರೆ ಯಾವ ಕಡತ ಮೊದಲು ತೆಗೆದಿಡಬೇಕು ಎಂದು ದಿನಗಟ್ಟಲೆ ಹೇಳಿದರು. ನಾನು ಬರೆದುಕೊಳ್ಳುತ್ತಿದ್ದೆ, ಕಾಲು ಅಲ್ಲಾಡಿಸುತ್ತಿದ್ದೆ. ಪಕ್ಕದಲ್ಲಿದ್ದಾಕೆ ಎರಡು ಸಲ ನನ್ನ ಮೊಣಕಾಲು ಹಿಡಿದು ನಿಲ್ಲಿಸಿದರು.

ಆರನೆಯ ದಿನ, ಶನಿವಾರ, ಒಬ್ಬ ನಿವೃತ್ತ ಹೆಡ್ಮಾಸ್ತರರು ಬಂದರು. ಧೋತರ, ಕರಿ ಟೊಪ್ಪಿಗೆ, ಕೈಯಲ್ಲಿ ಕೊಡೆ. ಜಾಣ ಮಕ್ಕಳನ್ನು ಗುರುತಿಸುವುದು ಹೇಗೆ ಎಂಬುದು ಅವರಿಗೆ ಕೊಟ್ಟ ವಿಷಯ. ನಮಗೆಲ್ಲ ಒಂದೊಂದು ಅಚ್ಚಿನ ಹಾಳೆ ಹಂಚಿದ್ದರು. ಮೊದಲು ಕೈ ಎತ್ತುವವನು, ಅಕ್ಷರ ಚಂದ ಇರುವವನು, ಪ್ರಶ್ನೆ ಕೇಳುವವನು ಎಂದೆಲ್ಲ ಅದರಲ್ಲಿ ಗುರುತುಗಳು. ಅವರು ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಿಸೆಗಿಟ್ಟುಕೊಂಡರು. ನಮಗೂ ಹಾಗೇ ಮಾಡಲು ಹೇಳಿದರು.

"ನೀವೆಲ್ಲಾ ಹೆಡ್ಮಾಸ್ತರ್ರು. ಇಲ್ಲಿ ಬಂದು ಕುಂತೀರಿ. ಅಲ್ಲಿ ನಿಮ್ಮ ಸಾಲಿ ಈಗ ಯಾರ ಮ್ಯಾಲೆ ನಡದೈತಿ?"

ಹಿರಿಯ ಮಾಸ್ತರರ ಮೇಲೆ ಎಂದರು ಕೆಲವರು. ದೇವರ ಮೇಲೆ ಎಂದ ಒಬ್ಬ, ಎಲ್ಲರೂ ನಕ್ಕರು. ನನಗೆ ಬಾಯಿ ಮುಚ್ಚಿಕೊಂಡು ಕೂರುವ ಬುದ್ಧಿ ಎಲ್ಲಿತ್ತು? ನನ್ನ ಸಾಲೆಯ ಹೆಚ್ಚುಗಾರಿಕೆ ಕೊಚ್ಚಿಕೊಳ್ಳಲು ಇದೇ ಹೊತ್ತು ಎಂದು ಎದ್ದು ನಿಂತೆ.

"ನಮ್ಮಲ್ಲೆ ಏಳನೇತ್ತಿ ಹುಡುಗಿ ಒಬ್ಬಾಕಿ ಅದಾಳ್ರಿ. ಮೂರು ವರ್ಷದಿಂದ ಒಂದನೇತ್ತಿ, ಎರಡನೇತ್ತಿ ಆಕೀನ ಸಂಭಾಳಸ್ತಾಳ. ಮಾಸ್ತರ್ರಿಗಿಂತ ಛಲೋ ಕಲಸ್ತಾಳ್ರಿ. ಒಂದು ಕೂಸು ಗದ್ಲ ಮಾಡೂದಿಲ್ಲ."

ಅವರು ನನ್ನ ಕಡೆ ತಿರುಗಿದರು. "ಭಾಳ ಛಲೋ ಆತು, ತಂಗಿ. ಮತ್ತ ಆಕಿಗೆ ಯಾರು ಕಲಸ್ತಾರ?"

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆ ಹೆಡ್ಮಾಸ್ತರರು ನಗಲಿಲ್ಲ. "ಪರೀಕ್ಷಾಕ್ಕ ಆಕಿ ಹೆಸರು ಬರದೀರಿ?" ಎಂದು ಕೇಳಿದರು. ಇಲ್ಲ ಎಂದೆ. ಕೂತುಕೋ ಎಂದು ಕೈ ಮಾಡಿ ಬೇರೆಯವರ ಕಡೆ ತಿರುಗಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೊದಲು ಆ ಮುದುಕನ ಮೇಲೆ, ಆಮೇಲೆ ಕಿಸಕ್ಕೆಂದವನ ಮೇಲೆ. ಸಂಜೆಯ ಹೊತ್ತಿಗೆ ಅದು ತಿರುಗಿ ನನ್ನ ಮೇಲೆಯೇ ಬಂದು ಕೂತಿತು.

ಮರುದಿನ ರವಿವಾರ. ಬಾದಾಮಿಗೆ ಬರುತ್ತೇನೆಂದು ಮಗಳಿಗೆ ಹೇಳಿದ್ದೆ. ಬಾಗಲಕೋಟೆಯಿಂದ ಬಾದಾಮಿ ಎಷ್ಟು ದೂರ? ಬಸ್ ಸ್ಟ್ಯಾಂಡಿನಲ್ಲಿ ಬಾದಾಮಿಯ ಬಸ್ಸು ಖಾಲಿ ನಿಂತಿತ್ತು. ಪಕ್ಕದಲ್ಲೇ ಇಳಕಲ್ಲಿನ ಬಸ್ಸು. ಬಾದಾಮಿಯ ಬಸ್ಸು ಹತ್ತಿದೆ, ಚೀಲ ಇಟ್ಟೆ, ಕೂತೆ. ಕಂಡಕ್ಟರ್ ಸೀಟಿ ಊದುವ ಹೊತ್ತಿಗೆ ಇಳಿದು ಇಳಕಲ್ಲಿನ ಬಸ್ಸಿಗೆ ಓಡಿದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಮಗಳಿಗೆಂದು ಕರದಂಟು ಕೊಂಡೆ. ಅದನ್ನು ಕೊಡುವುದು ಇನ್ನೊಂದು ವಾರದ ಮಾತು ಎಂದು ಹೊಳೆದದ್ದು ಬಸ್ಸು ಬಿಟ್ಟ ಮೇಲೆ.

ಇಳಕಲ್ಲಿನಲ್ಲಿ ಇಳಿದು ಸಾಲೆಯ ಊರು ಮುಟ್ಟಿದ ಮೇಲೆ ಹುಡುಗಿಯ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮುಂದೆ ಒಂದು ಕೋಣೆ, ಅದರಲ್ಲಿ ಕುಣಿಮಗ್ಗ. ತಂದೆ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದರು. ತಾಯಿ ಬಾವಿಗೆ ಹೋಗಿದ್ದರು. ಹುಡುಗಿ ಮೂಲೆಯಲ್ಲಿ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಹೆಡ್ಮಾಸ್ತರ ಅಕ್ಕೋರು ರವಿವಾರ ಮನೆಗೆ ಬಂದರೆ ಏನೋ ತಪ್ಪಾಗಿದೆ ಎಂದೇ ಲೆಕ್ಕ. ತಂದೆ ಕೈ ಬಿಟ್ಟು ಎದ್ದು ನಿಂತರು.

"ಏನಾರ ಬೈಸ್ಕೊಳ್ಳೂವಂಥಾದ್ದು ಮಾಡ್ಯಾಳೇನ್ರಿ?"

ಇಲ್ಲ ಎಂದೆ. ಹುಡುಗಿಯ ಏಳನೇತ್ತೆಯ ಗಣಿತದ ಪುಸ್ತಕ ತರಿಸಿ ಆಕೆಯ ಮುಂದಿಟ್ಟೆ. ಬಡ್ಡಿಯ ಲೆಕ್ಕ ಬರಲಿಲ್ಲ. ದಶಾಂಶ ಬರಲಿಲ್ಲ, ಆ ಚುಕ್ಕೆ ಯಾಕೆ ಇಟ್ಟಿದ್ದಾರೆ ಎಂದು ಕೇಳಿದಳು. ಭೂಗೋಳದಲ್ಲಿ ನಮ್ಮ ಜಿಲ್ಲೆಯ ಆಚೆಗೆ ಏನೂ ಗೊತ್ತಿಲ್ಲ. ನಿನ್ನ ನೋಟುಬುಕ್ಕು ತೋರಿಸು ಎಂದೆ. ಆಕೆ ಹಿಂಜರಿಯುತ್ತ ಒಂದು ಉದ್ದನೆಯ ವಹಿ ತಂದಳು.

ಅದರಲ್ಲಿ ಏಳನೇತ್ತೆಯ ಪಾಠ ಒಂದೂ ಇರಲಿಲ್ಲ. ಪುಟಕ್ಕೆ ಒಂದು ಮಗು. ಇಂಥ ಹುಡುಗ ಎಣಿಸುವಾಗ ಏಳನ್ನು ಬಿಟ್ಟು ಎಂಟಕ್ಕೆ ಹೋಗುತ್ತಾನೆ. ಇಂಥಾಕೆಗೆ ಬೋರ್ಡು ಕಾಣಿಸುವುದಿಲ್ಲ, ಮುಂದೆ ಕೂಡಿಸಬೇಕು. ಕುರುಬರ ಓಣಿಯ ಇವನು ಬುಧವಾರ ಬರುವುದಿಲ್ಲ, ಕುರಿ ಕಾಯುತ್ತಾನೆ, ಅವನಿಗೆ ಗುರುವಾರ ಮತ್ತೆ ಹೇಳಬೇಕು. ಒಂದು ಪುಟದಲ್ಲಿ ಕೆಳಗೆ ಗೆರೆ ಎಳೆದು ಬರೆದಿದ್ದಳು: ಇವನಿಗೆ ಒಂದನೇತ್ತೆ ಸಾಲುವುದಿಲ್ಲ, ಎರಡನೇತ್ತೆಯ ಪುಸ್ತಕ ಕೊಟ್ಟೇನಿ, ಓದ್ಯಾನ. ಹತ್ತು ದಿನ ಸರ್ಕಾರದ ಖರ್ಚಿನಲ್ಲಿ ಬೆಂಚಿನ ಮೇಲೆ ಕೂತು ನಾನು ಕಲಿಯುತ್ತಿದ್ದ ವಿದ್ಯೆ ಆ ವಹಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿತ್ತು. ಬರೆದಾಕೆಗೆ ದಶಾಂಶ ಗೊತ್ತಿರಲಿಲ್ಲ.

ಪರೀಕ್ಷೆಯ ವಿಷಯ ತಂದೆಗೆ ಹೇಳಿದೆ. ಅವರು ಅವಸರ ಮಾಡಲಿಲ್ಲ. "ಇಳಕಲ್ಲ ಹೈಸ್ಕೂಲಿಗೆ ನಾ ಕಳಸೂದಿಲ್ರಿ. ಹೆಣ್ಣು ಹುಡುಗಿ ದಿನಾ ನಾಕು ಮೈಲಿ ಹೋಗೂದು, ನಾಕು ಮೈಲಿ ಬರೂದು ನಮ್ಮಿಂದ ನೀಗೂದಿಲ್ಲ. ಮಾರ್ಚಿ ಮುಗೀತಂದ್ರ ಮಗ್ಗಕ್ಕ ಕೂಡಸ್ತೇನಿ ಅಂತ ಇಟ್ಕೊಂಡೇನಿ. ಆದ್ರ ಅಲ್ಲೇ ಇಟ್ಕೊಂಡು, ಅಲ್ಲೇ ಉಣ್ಣಾಕ ಹಾಕಿ ಕಲಸ್ತಾರಂದ್ರ ಒಲ್ಲೆ ಅನ್ನೂದಿಲ್ರಿ. ಇದೊಂದು ಸಲ. ಆತಂದ್ರ ಆತು, ಇಲ್ಲಂದ್ರ ಇಲ್ಲ." ಹುಡುಗಿ ಕಂಡಿಕೆ ಸುತ್ತುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ನಾನು ಹೆದರಿದೆ.

ಉಳಿದ ತರಬೇತಿಯನ್ನು ಹೇಗೆ ಕಳೆದೆನೋ. ಮುಗಿಸಿ ಬಂದ ದಿನವೇ ಕಪಾಟಿನಿಂದ ಪಟ್ಟಿ ತೆಗೆದು, ಹಿರೇಮಾಸ್ತರರ ಎದುರಿನಲ್ಲೇ ಅವರ ತಂಗಿಯ ಮಗನ ಹೆಸರಿಗೆ ಗೆರೆ ಎಳೆದು ಹುಡುಗಿಯ ಹೆಸರು ಬರೆದೆ. ಮೊದಲು ಅವರಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವರು ಬಾಯಲ್ಲಿದ್ದ ಎಲೆಯನ್ನು ಹೊರಗೆ ಹೋಗಿ ಉಗುಳಿ ಬಂದರು.

"ಆಕಿಗೆ ಏನೂ ಬರೂದಿಲ್ಲ."

"ನಾವು ಕಲಸಿಲ್ಲ. ಅದಕ್ಕ ಬರೂದಿಲ್ಲ."

"ಮತ್ತ ಆಕಿನ್ನ ಏಳನೇತ್ತ್ಯಾಗ ಕೂಡಿಸಿದ್ರ ಒಂದನೇತ್ತಿ ಯಾರು ಹಿಡೀತಾರ? ನೀವು?"

"ಹೂಂ. ನಾನ."

ಅವರು ನಕ್ಕರು. ಆ ನಗೆಗೆ ಕಾರಣವಿತ್ತು ಎಂದು ಒಂದು ವಾರದಲ್ಲಿ ತಿಳಿಯಿತು. ಒಂದನೇತ್ತೆ ಹಿಡಿಯುವುದೆಂದರೆ ಸುಮ್ಮನೆ ಅಲ್ಲ. ನಾನು ಕೋಣೆಯೊಳಗೆ ಕಾಲಿಟ್ಟರೆ ನಾಲ್ಕು ಮಕ್ಕಳು ಅಳುತ್ತಿದ್ದವು, ಇಬ್ಬರು ಕಿಟಕಿಯಿಂದ ಹಾರಿ ಸಣ್ಣ ಅಕ್ಕೋರನ್ನು ಹುಡುಕಿಕೊಂಡು ಏಳನೇತ್ತೆಯ ಬಾಗಿಲಿಗೆ ಹೋಗುತ್ತಿದ್ದರು. ಆಕೆ ಅಲ್ಲಿ ಹಿಂದಿನ ಬೆಂಚಿನಲ್ಲಿ ಕೂತಿರುತ್ತಿದ್ದಳು. ಕೂತಿರುತ್ತಿದ್ದಳು ಎಂದೆ, ಅದೂ ಪೂರ್ತಿ ನಿಜವಲ್ಲ. ಪಾಠ ನಡೆಯುವಾಗ ಮೂರು ಮೂರು ಸಲ ಏಳುತ್ತಿದ್ದಳು. ಪಕ್ಕದ ಹುಡುಗಿ ತಪ್ಪು ಬರೆದರೆ ಎದ್ದು ಬಗ್ಗಿ ತೋರಿಸುತ್ತಿದ್ದಳು. ಮೂರು ವರ್ಷ ಕೋಣೆಯಲ್ಲಿ ನಿಂತೇ ಇದ್ದವಳು. ಹಿರೇಮಾಸ್ತರರು, "ಏ, ನೀ ಕುಂಡ್ರು" ಎಂದು ಗದರಿಸುವುದು ನನ್ನ ಕೋಣೆಗೂ ಕೇಳುತ್ತಿತ್ತು. ನಾನೂ ಕೂರಲಾರೆ, ಆಕೆಯೂ ಕೂರಲಾರಳು ಎಂದು ನನಗೆ ಒಳಗೊಳಗೇ ನಗು ಬರುತ್ತಿತ್ತು. ನಗುವ ವಿಷಯ ಎಂದೇ ತಿಳಿದಿದ್ದೆ.

ಸಾಲೆ ಬಿಟ್ಟ ಮೇಲೆ ಒಂದು ತಾಸು ನಾನೇ ಆಕೆಗೆ ಕಲಿಸುತ್ತಿದ್ದೆ. ಅಂಗಡಿಯವರ ಮಗನೂ ಕೂಡುತ್ತಿದ್ದ. ಅವನಿಗೆ ಒಂದು ಸಲ ಹೇಳಿದರೆ ಬರುತ್ತಿತ್ತು. ಆಕೆಗೆ ಒಂದು ಸಲ ಹೇಳಿದರೆ ಬರುತ್ತಿತ್ತು, ಜೊತೆಗೆ ಅದನ್ನು ನಾನು ಹೇಳಿದ್ದಕ್ಕಿಂತ ಸಲೀಸಾಗಿ ಹೇಳುವುದು ಹೇಗೆ ಎಂಬುದೂ ಹೊಳೆಯುತ್ತಿತ್ತು. ದಶಾಂಶವನ್ನು ಆಕೆ ಎರಡು ದಿನದಲ್ಲಿ ಹಿಡಿದಳು. ಸಂಕ್ರಾಂತಿಯ ಹೊತ್ತಿಗೆ ಬಡ್ಡಿ, ವಿಸ್ತೀರ್ಣ, ನಕಾಶೆ ಎಲ್ಲ ಬಂದವು. ನನಗೆ ನಿದ್ದೆ ಬರುತ್ತಿರಲಿಲ್ಲ. ಇಷ್ಟು ಬೇಗ ಕಲಿಯುವವಳನ್ನು ನಾವು ಎಷ್ಟು ದಿನ ಹಾಗೇ ಬಿಟ್ಟಿದ್ದೆವು ಎಂಬ ಲೆಕ್ಕ ಮಾತ್ರ ಮುಗಿಯುತ್ತಿರಲಿಲ್ಲ. ಬಾದಾಮಿಗೆ ಎರಡು ರವಿವಾರ ಹೋಗಲಿಲ್ಲ. ಗಂಡ ಪತ್ರ ಬರೆದು, ನಿನಗೆ ಮಗಳೊಬ್ಬಳು ಇದ್ದಾಳೆ ಎಂದು ನೆನಪಿಸಿದರು. ಆ ಪತ್ರಕ್ಕೆ ಉತ್ತರ ಬರೆಯಲು ನನಗೆ ಮುಖವಿರಲಿಲ್ಲ.

ಫೆಬ್ರುವರಿಯಲ್ಲಿ ಪರೀಕ್ಷೆ. ಇಬ್ಬರನ್ನೂ ಕರೆದುಕೊಂಡು ಬೆಳಗಿನ ಬಸ್ಸಿಗೆ ಹುನಗುಂದಕ್ಕೆ ಹೋದೆ. ಹುಡುಗಿಯ ತಾಯಿ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದರು, ಎರಡಕ್ಕೂ ಒಂದೇ ಬಣ್ಣದ ರಿಬ್ಬನ್ನು. ಹಳ್ಳಿ ಹಳ್ಳಿಗಳಿಂದ ಮಕ್ಕಳು ಬಂದಿದ್ದರು. ಒಂದು ಉದ್ದನೆಯ ಕೋಣೆಯಲ್ಲಿ ಕೂಡಿಸಿದರು. ಗಂಟೆ ಬಾರಿಸಿದರು, ಬಾಗಿಲು ಹಾಕಿದರು. ನಾನು ಹೊರಗೆ ಬೇವಿನ ಗಿಡದ ಸುತ್ತ ತಿರುಗುತ್ತಿದ್ದೆ. ಬೇರೆ ಸಾಲೆಗಳ ಮಾಸ್ತರರು ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿದ್ದರು, ಬರ್ರಿ ಅಕ್ಕೋರ ಎಂದು ಕರೆದರು. ನಾನು ತಿರುಗುತ್ತಲೇ ಇದ್ದೆ.

ಅರ್ಧ ತಾಸೂ ಆಗಿರಲಿಕ್ಕಿಲ್ಲ. ಬಾಗಿಲು ತೆರೆಯಿತು. ಮೇಲ್ವಿಚಾರಕರು ಒಬ್ಬ ಹುಡುಗಿಯ ರಟ್ಟೆ ಹಿಡಿದು ಹೊರಗೆ ತಂದರು. ನಮ್ಮ ಹುಡುಗಿ. ಕೈಯಲ್ಲಿ ಪೆನ್ನು, ಮುಚ್ಚಳ ತೆಗೆದದ್ದು ತೆಗೆದ ಹಾಗೇ.

"ಯಾರ್ರಿ ಈಕೀನ್ನ ಕರಕೊಂಡು ಬಂದಾವ್ರು? ಎದ್ದು ಹೋಗಿ ಇನ್ನೊಬ್ಬ ಹುಡುಗನ ಬಾಜೂಕ ನಿಂತು ಹೇಳಿಕೊಡಾಕತ್ತಿದ್ಲು. ಪೇಪರ್ ಕಸಗೊಂಡೇನಿ."

ನಾನು ಜಗಳಕ್ಕೆ ನಿಂತೆ. ಏನೇನು ಅಂದೆನೋ ಈಗ ನೆನಪಿಲ್ಲ, ದನಿ ಮಾತ್ರ ಬೀದಿಗೆ ಕೇಳುವಷ್ಟಿತ್ತು. ಹುಡುಗಿ ನನ್ನ ಸೆರಗು ಹಿಡಿದು ಜಗ್ಗುತ್ತಿದ್ದಳು. "ಉತ್ತರಾ ಹೇಳಿಲ್ರಿ ಅಕ್ಕೋರ. ಅಂವಗ ಪ್ರಶ್ನಿನ ತಿಳಿದಿರಲಿಲ್ರಿ. ಬರೇ ಓದಿ ಹೇಳೇನ್ರಿ." ನಾನು ಅದನ್ನೇ ಹಿಡಿದು ಮೇಲ್ವಿಚಾರಕರಿಗೆ ಹೇಳಿದೆ. ಅವರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕೆಟ್ಟವರಲ್ಲ, ಹೆದರಿದವರು. ಅವರೂ ಹೊಸದಾಗಿ ಆ ಜಾಗಕ್ಕೆ ಬಂದವರಿರಬೇಕು.

"ಪರೀಕ್ಷಾದಾಗ ಎದ್ದು ಅಡ್ಡಾಡಬಾರ್ದು ಅಂತ ಒಂದನೇತ್ತಿ ಕೂಸಿಗೂ ಗೊತ್ತಿರ್ತೈತ್ರಿ. ನಿಮ್ಮ ಸಾಲ್ಯಾಗ ಯಾರೂ ಹೇಳಿಲ್ಲೇನು?"

ನಮ್ಮ ಸಾಲೆಯಲ್ಲಿ ಒಂದನೇತ್ತೆಯ ಪರೀಕ್ಷೆ ನಡೆಯುವಾಗ ಬೆಂಚುಗಳ ನಡುವೆ ಅಡ್ಡಾಡುತ್ತಿದ್ದವಳು ಇವಳೇ. ಬರೆಯುವವರ ಸಾಲಿನಲ್ಲಿ ಕೂತು ಪರೀಕ್ಷೆ ಬರೆದು ಆಕೆಗೆ ಮೂರು ವರ್ಷವಾಗಿತ್ತು. ವರ್ಷದ ಕೊನೆಯಲ್ಲಿ ಅಂಕಗಳನ್ನು ಹಿರೇಮಾಸ್ತರರು ಅಂದಾಜಿನ ಮೇಲೆ ಹಾಕುತ್ತಿದ್ದರು, ಎಲ್ಲರೂ ಅದನ್ನು ಉಪಕಾರ ಎಂದುಕೊಂಡಿದ್ದರು, ಆಮೇಲೆ ಬಂದ ನಾನೂ. ಬಡ್ಡಿ ಕಲಿಸಿದೆ, ದಶಾಂಶ ಕಲಿಸಿದೆ. ಕೂತಲ್ಲೇ ಕೂತಿರಬೇಕು, ಪಕ್ಕದವರು ಸತ್ತರೂ ತಿರುಗಿ ನೋಡಬಾರದು ಎಂದು ಕಲಿಸಬೇಕು ಎಂಬುದು ನನ್ನ ತಲೆಗೆ ಬಂದಿರಲಿಲ್ಲ.

ಮೇಲ್ವಿಚಾರಕರು ಬಾಗಿಲು ಹಾಕಿಕೊಂಡರು. ನಾವಿಬ್ಬರೂ ಗಿಡದ ಕೆಳಗೆ ಕೂತೆವು. ಆ ವರ್ಷದಲ್ಲಿ ನಾನು ಕಾಲು ಅಲ್ಲಾಡಿಸದೆ ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ಅದೇ ಮೊದಲು. ಹುಡುಗಿ ಅಳಲಿಲ್ಲ. "ಐದು ಲೆಕ್ಕ ಮುಗಿಸಿದ್ನಿರಿ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಇನ್ನ ಒಳಗ ಬಿಡೂದಿಲ್ಲೇನ್ರಿ?" ಎಂದು ಕೇಳಿದಳು. ಇಲ್ಲವ್ವ ಎಂದೆ.

ಅಂಗಡಿಯವರ ಮಗ ಚೆನ್ನಾಗಿ ಬರೆದು ಬಂದ, ಮುಂದೆ ಆಯ್ಕೆಯೂ ಆದ. ನನಗೆ ಮೆಚ್ಚುಗೆಯ ಒಂದು ಕಾಗದ ಬಂತು, ತರಬೇತಿಯ ಫಲ ಎಂದು ಅದರಲ್ಲಿ ಬರೆದಿದ್ದರು. ಅದನ್ನು ಕಡತಕ್ಕೆ ಹಾಕಿದೆ, ಮತ್ತೆ ತೆಗೆದು ನೋಡಲಿಲ್ಲ. ಪ್ರಶ್ನೆ ತಿಳಿಯದೆ ಕೂತಿದ್ದ ಆ ಇನ್ನೊಬ್ಬ ಹುಡುಗ ಯಾವ ಊರಿನವನು, ಏನಾದ, ಗೊತ್ತಿಲ್ಲ. ಆಯ್ಕೆಯಾದವರ ಪಟ್ಟಿಯಲ್ಲಿ ಅವನನ್ನು ಹುಡುಕಿದೆ. ಹೆಸರೇ ಗೊತ್ತಿಲ್ಲದವನನ್ನು ಹೇಗೆ ಹುಡುಕುವುದು?

ಆವತ್ತು ಸಂಜೆ ಹುಡುಗಿಯನ್ನು ಮನೆಗೆ ಮುಟ್ಟಿಸಲು ನಾನೇ ಹೋದೆ. ದಾರಿಯುದ್ದಕ್ಕೂ, ತಂದೆಗೆ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಹೊಸಿಲು ದಾಟಿದಾಗ ಜೋಡಿಸಿದ್ದೆಲ್ಲ ಹಾರಿಹೋಯಿತು. ತಂದೆ ಲಾಳಿ ನಿಲ್ಲಿಸಿ, "ಏನಾತ್ರಿ ಅಕ್ಕೋರ?" ಎಂದರು.

"ಪೇಪರ್ ಕಸಗೊಂಡ್ರು. ನಡುವ ಎದ್ಲು ಅಂತ ಹೊರಗ ಕಳಿಸಿದ್ರು. ತಪ್ಪು ನಂದು."

"ನಿಮ್ದು ಹೆಂಗಾಗತೈತ್ರಿ? ನೀವು ಒಳಗ ಇರಲೇ ಇಲ್ಲಲ್ಲ."

ಅವರು ಮಗಳ ಕಡೆ ತಿರುಗಿದರು. ದನಿ ಏರಿಸಲಿಲ್ಲ. "ಯಾಕ ಎದ್ದಿ?"

"ಅಂವ ಅಳಾಕತ್ತಿದ್ನಪ್ಪ. ಅಳೂವ್ರು ಇದ್ರ ಕೈಯಾಗಿನ ಕೆಲಸಾ ಬಿಟ್ಟು ಮೊದ್ಲ ಅವರ ಹಂತ್ಯಾಕ ಹೋಗಬೇಕು ಅಂತ ಅಕ್ಕೋರ ಹೇಳ್ಯಾರ."

ಹೇಳಿದ್ದೆ. ಜೂನ್ ತಿಂಗಳಲ್ಲಿ, ಆ ಸಾಲೆಗೆ ಬಂದ ಮೊದಲ ವಾರದಲ್ಲಿ ಹೇಳಿದ್ದೆ. ಬಾದಾಮಿಯಲ್ಲಿ ನನ್ನ ಮಗಳು ಸಾಲೆಯಲ್ಲಿ ದಿನವಿಡೀ ಅಳುತ್ತಾಳೆ, ಯಾರೂ ಹತ್ತಿರ ಕರೆದುಕೊಳ್ಳುವುದಿಲ್ಲ ಎಂದು ಅತ್ತೆ ಪತ್ರ ಬರೆಸಿದ್ದರು. ಅದನ್ನು ಓದಿದ ಮಧ್ಯಾಹ್ನ ನೇರವಾಗಿ ಒಂದನೇತ್ತೆಯ ಕೋಣೆಗೆ ಹೋಗಿ, ಸಣ್ಣ ಅಕ್ಕೋರನ್ನು ಹೊರಗೆ ಕರೆದು ಈ ಮಾತು ಹೇಳಿದ್ದೆ. ಮುಖ್ಯೋಪಾಧ್ಯಾಯಿನಿಯಾಗಿ ನಾನು ಆಕೆಗೆ ಕೊಟ್ಟ ಮೊದಲ ಅಪ್ಪಣೆ ಅದು. ಹೇಳಿ ಮರೆತಿದ್ದೆ.

ತಂದೆ ತಲೆ ಆಡಿಸಿದರು.

"ಹಂಗಾರ ಅಕ್ಕೋರ ಮಾತು ಕೇಳೀದಿ ಬಿಡು. ತಪ್ಪೇನೈತಿ ಅದರಾಗ?"

ಆ ದನಿಯಲ್ಲಿ ಕೊಂಕು ಇದ್ದಿದ್ದರೆ ನನಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು. ಇರಲಿಲ್ಲ. ನಾನು ಇಳಕಲ್ಲಿನ ಹೈಸ್ಕೂಲಿನ ಮಾತು ತೆಗೆದೆ, ನಾನೇ ಕರೆದುಕೊಂಡು ಹೋಗಿ ಬರುತ್ತೇನೆ ಎಂದೆ, ನನ್ನ ಕೋಣೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದೆ. ಅವರು ಎಲ್ಲದಕ್ಕೂ ಮರ್ಯಾದೆಯಿಂದ "ನೋಡೂಣ್ರಿ" ಎಂದರು. ಚಹಾ ಕುಡಿದು ಹೋಗಿ ಎಂದು ಒತ್ತಾಯ ಮಾಡಿದರು. ನಾನು ಚಹಾ ಕುಡಿಯುತ್ತಿದ್ದಾಗ ಹುಡುಗಿ ರಿಬ್ಬನ್ನು ಬಿಚ್ಚಿ ಮಡಿಸಿ ಗೂಡಿನಲ್ಲಿಟ್ಟು ಬಂದು, ತಂದೆಯ ಪಕ್ಕದಲ್ಲಿ ಮಗ್ಗದ ಮುಂದೆ ಕೂತಳು. ಒಂದು ಸಲವೂ ಏಳಲಿಲ್ಲ.